ಕಾಲು ಅಲುಗುವ ಮೇಜು

ನಮ್ಮ ಭಾವನ ಎದುರಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡ ಮನುಷ್ಯ ಇನ್ನೂ ಹುಟ್ಟಿಲ್ಲ. ಹೀಗೆ ಹೇಳುತ್ತಿದ್ದವರು ಸ್ವತಃ ಭಾವನೇ ಆದ್ದರಿಂದ ಆ ಮಾತನ್ನು ಪರೀಕ್ಷಿಸಿ ನೋಡುವ ಉಸಾಬರಿಗೆ ಮನೆಯಲ್ಲಿ ಯಾರೂ ಹೋಗಿರಲಿಲ್ಲ.

ರೈಲು ನಿಲ್ದಾಣದ ಹಿಂಬದಿಯಲ್ಲಿ, ಪಾರ್ಸೆಲ್ ಗೋದಾಮಿನ ಪಕ್ಕಕ್ಕೆ ಒಂದು ಉದ್ದನೆಯ ಕೋಣೆಯಿದೆ. ಪ್ರಯಾಣಿಕರು ರೈಲಿನಲ್ಲಿ ಮರೆತು ಇಳಿದದ್ದೆಲ್ಲ ಅಲ್ಲಿಗೆ ಬಂದು ಬೀಳುತ್ತದೆ. ಕೊಡೆ, ಟೋಪಿ, ಊರುಗೋಲು, ಹಲ್ಲಿನ ಸೆಟ್ಟು, ಒಮ್ಮೆ ಒಂದು ಜೀವಂತ ಆಮೆ. ಭಾವ ತಮ್ಮ ಇಡೀ ನೌಕರಿಯನ್ನು ಅಲ್ಲಿನ ಕೌಂಟರಿನ ಹಿಂದೆ ಕಳೆದರು. ಆ ಕೌಂಟರಿಗೆ ಬರುವವರಲ್ಲಿ ಅರ್ಧ ಜನ ನಿಜವಾಗಿ ಕಳೆದುಕೊಂಡವರು. ಇನ್ನರ್ಧ ಜನ ಏನನ್ನೂ ಕಳೆದುಕೊಳ್ಳದೆ, ಒಂದು ಒಳ್ಳೆಯ ಕೊಡೆ ಸಿಕ್ಕರೂ ಸಿಗಬಹುದೆಂದು ಬರುವವರು. ಇವರಲ್ಲಿ ಯಾರು ಯಾರೆಂದು ಬೇರ್ಪಡಿಸಲು ಭಾವನ ಬಳಿ ಒಂದು ಸೂತ್ರವಿತ್ತು. ವಸ್ತುವನ್ನು ಅಡಿಯಿಂದ ಮುಡಿಯವರೆಗೆ ವರ್ಣಿಸುವವನು ಸುಳ್ಳ. ತಡವರಿಸಿ, ತಲೆ ಕೆರೆದುಕೊಂಡು, ಕೆಲಸಕ್ಕೆ ಬಾರದ ಒಂದೇ ಒಂದು ವಿವರ ಹೇಳುವವನು ನಿಜವಾದ ವಾರಸುದಾರ.

ಈ ಸೂತ್ರವನ್ನು ಭಾವನಿಗೆ ಕಲಿಸಿದವಳು ನಮ್ಮಕ್ಕ. ಆಗ ಭಾವ ಹೊಸದಾಗಿ ಕೆಲಸಕ್ಕೆ ಸೇರಿದ್ದರು, ಅಕ್ಕ ರೈಲಿನಲ್ಲಿ ಕೊಡೆ ಮರೆತು ಬಂದಿದ್ದಳು. ಹಿಡಿ ಮರದ್ದೋ ಕೊಂಬಿನದೋ, ಸೊಟ್ಟಗಿದೆಯೋ ನೆಟ್ಟಗಿದೆಯೋ ಎಂದು ಭಾವ ಕೇಳಿದರೆ ಅಕ್ಕ, "ಕಪ್ಪಗಿತ್ತು. ಒದ್ದೆಯಾಗಿತ್ತು" ಎಂದಳಂತೆ. ಮಳೆಗಾಲದಲ್ಲಿ ಎಲ್ಲ ಕೊಡೆಗಳೂ ಹಾಗೆಯೇ ಇರುತ್ತವೆ ಎಂದು ಭಾವ ವಾಪಸು ಕಳಿಸಿದರು. ಅಕ್ಕ ಮರುದಿನ ಬಂದಳು, ಅದರ ಮರುದಿನವೂ ಬಂದಳು. ಕೊನೆಗೆ ಪಿತ್ತ ನೆತ್ತಿಗೇರಿ, "ಕೊಡೆ ಹಿಡ್ಕೊಂಡೋರು ಮಳೆ ನೋಡ್ತಾರೆಯೇ ಹೊರತು ಹಿಡಿ ನೋಡ್ತಾರೇನ್ರೀ?" ಎಂದು ಕೌಂಟರ್ ಗುದ್ದಿದಳು. ಭಾವನಿಗೆ ಅಲ್ಲಿಯೇ ಜ್ಞಾನೋದಯವಾಯಿತು. ಕೊಡೆ ಕೊಟ್ಟರು, ಅದರ ಹಿಂದೆಯೇ ತಮ್ಮನ್ನೂ ಕೊಟ್ಟುಕೊಂಡರು. ನಮ್ಮ ಮನೆಗೆ ಬಂದ ಅತಿಥಿಗಳಿಗೆ ಚಹಾ ತಪ್ಪಿದರೂ ಈ ಕಥೆ ತಪ್ಪುತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ಭಾವ ಮನೆಯಲ್ಲೇ ಕೌಂಟರು ತೆರೆದರು. ಹಾಲಿನವನು ತಡವಾಗಿ ಬಂದರೆ ವಿಚಾರಣೆ, ಮಗಳು ಫೋನ್ ಮಾಡದಿದ್ದರೆ ವಿಚಾರಣೆ, ಉಪ್ಪಿನ ಡಬ್ಬಿ ಜಾಗ ಬದಲಿಸಿದರೆ ಸಾಕ್ಷಿಗಳ ಸಮೇತ ವಿಚಾರಣೆ. ಅಕ್ಕ ಸ್ವಲ್ಪ ದಿನ ಸಹಿಸಿಕೊಂಡಳು. ಆಮೇಲೆ ಒಂದು ಬೆಳಿಗ್ಗೆ ಅವರ ಕೈಗೆ ಟೋಪಿ ಕೊಟ್ಟು, "ಮಧ್ಯಾಹ್ನದ ತನಕ ಈ ಕಡೆ ತಲೆ ಹಾಕ್ಬೇಡಿ" ಎಂದು ಬಾಗಿಲು ತೆರೆದಳು. ಭಾವ ನೇರವಾಗಿ ನನ್ನ ಕನ್ನಡಕದ ಅಂಗಡಿಗೆ ಬಂದರು. ಬೆಳಗಿನ ಹೊತ್ತು ನನಗೂ ಗಿರಾಕಿಗಳು ಕಡಿಮೆ. ನಾನು ಒಂಟಿ ಮನುಷ್ಯ, ಹೇಳುವವರು ಕೇಳುವವರು ಇಲ್ಲ. ಹೀಗಾಗಿ ಭಾವನ ಸಂಚಾರಗಳಲ್ಲಿ ನಾನೂ ಜೊತೆಯಾದೆ.

ಉದ್ಯಾನದ ಬೆಂಚು, ಗ್ರಂಥಾಲಯ, ಕೆಲಸವಿಲ್ಲದಿದ್ದರೂ ಬ್ಯಾಂಕು, ಎಲ್ಲ ಸುತ್ತಿದೆವು. ಆದರೆ ಭಾವನ ಮನಸ್ಸು ನಿಂತದ್ದು ಹೋಟೆಲುಗಳಲ್ಲಿ. ಒಳಗೆ ಹೋದಕೂಡಲೇ ಮೆನು ಹಿಡಿದು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುತ್ತಿದ್ದರು. "ಬೆಳಗಿನ ಜಾವ ತೋಟದಿಂದ ಕಿತ್ತ, ಎಳೆಯ, ನಸುಗೆಂಪು ಕ್ಯಾರೆಟ್ಟಿನ ಸೂಪಂತೆ. ಇಷ್ಟು ವರ್ಣನೆ ಮಾಡಿದ್ದಾನೆ ಅಂದ್ರೆ ಒಳಗೆ ಕ್ಯಾರೆಟ್ಟೇ ಇಲ್ಲ" ಎಂದು ತೀರ್ಪು ಕೊಟ್ಟು, ಕೊನೆಗೆ ಬರೀ 'ಸೂಪು' ಎಂದು ಬರೆದದ್ದನ್ನು ತರಿಸುತ್ತಿದ್ದರು. ಅದು ಎಲ್ಲ ಕಡೆಯೂ ಟೊಮ್ಯಾಟೊ ಸೂಪೇ ಆಗಿರುತ್ತಿತ್ತು.

ನಿಲ್ದಾಣದ ರಸ್ತೆಯಲ್ಲಿ ಒಂದು ಹಳೆಯ ಹೋಟೆಲಿದೆ. ಕಲ್ಲುಹಾಸಿನ ಭಾರಿ ಮೇಜುಗಳು, ಎತ್ತರದ ಚಾವಣಿ, ಗಿರಾಕಿಗಳಿಗಿಂತ ಹೆಚ್ಚು ಕುರ್ಚಿಗಳು. ಅಲ್ಲಿನ ಕಿಟಕಿ ಪಕ್ಕದ ಮೇಜಿನಲ್ಲಿ ಕೂತರೆ ಭಾವನ ಹಳೆಯ ಕೋಣೆಯ ಬಾಗಿಲು ಕಾಣುತ್ತದೆ. ಯಾರು ಯಾವ ಕೊಡೆ ಹಿಡಿದು ಹೊರಗೆ ಬಂದರು, ಈಗಿನ ಹುಡುಗರು ಯಾರಿಗೆ ಮೋಸ ಹೋದರು ಎಂದು ನೋಡುತ್ತಾ ಕೂರಬಹುದು. ಭಾವನಿಗೆ ಆ ಮೇಜು ಬೇಕೇ ಬೇಕಾಯಿತು. ಆದರೆ ಅದರ ಮೇಲೆ 'ಕಾಯ್ದಿರಿಸಲಾಗಿದೆ' ಎಂಬ ಫಲಕ ಇತ್ತು, ಪಕ್ಕದಲ್ಲಿ ಹೆಡ್ ವೇಟರ್ ಇದ್ದ.

"ಯಾರಿಗೆ ಕಾಯ್ದಿರಿಸಿದ್ದು?" ಭಾವ ಕೇಳಿದರು.

"ಬ್ಯಾಂಕ್ ಮ್ಯಾನೇಜರಿಗೆ, ಸಾರ್."

"ಅವರು ಬರ್ತಾರಾ?"

"ಇಲ್ಲ ಸಾರ್, ಬರೋದಿಲ್ಲ. ಆದ್ರೆ ಬಂದ್ರೆ?"

ಹೆಡ್ ವೇಟರ್ ನಮಗೆ ಶೌಚಾಲಯದ ಪಕ್ಕದ ಮೇಜನ್ನು ಪ್ರೀತಿಯಿಂದ ತೋರಿಸಿದ. ಭಾವ ಕದಲಲಿಲ್ಲ. ಕಿಟಕಿ ಮೇಜಿನ ಮೇಲೆ ಕೈಯಿಟ್ಟರು. ಅದು ಕಟಕ್ ಎಂದು ಒಂದು ಕಡೆಗೆ ವಾಲಿತು. ಭಾವನ ಕಣ್ಣಲ್ಲಿ ನಾನು ಅದುವರೆಗೆ ನೋಡಿರದ ಒಂದು ಮಿಂಚು ಹೊಳೆಯಿತು.

"ನನ್ನ ಹೆಂಡ್ತಿನ ನಾನು ಮೊದಲನೇ ಸಲ ನೋಡಿದ್ದು ಇದೇ ಮೇಜಿನಲ್ಲಿ" ಎಂದರು.

ನಾನು ಕೆಮ್ಮಿದೆ. ಹೆಡ್ ವೇಟರ್ ಕಣ್ಣು ಕಿರಿದು ಮಾಡಿದ. "ಯಾವಾಗ ಸಾರ್?"

"ಯಾವಾಗ ಅಂದ್ರೆ..." ಭಾವ ತಡವರಿಸಿದರು, ತಲೆ ಕೆರೆದುಕೊಂಡರು. "ಏನು ತಿಂತಿದ್ಲು, ಯಾವ ಬಟ್ಟೆ ಹಾಕಿದ್ಲು, ಒಂದೂ ನೆನಪಿಲ್ಲಪ್ಪ. ಮೇಜಿನ ಕಾಲು ಅಲುಗ್ತಾ ಇತ್ತು. ಯಾರೋ ಕಾಗದ ಮಡಚಿ ಕೆಳಗೆ ಇಟ್ಟಿದ್ರು. ಅದೊಂದು ನೆನಪು."

ಇಡೀ ಆಯುಷ್ಯ ಸುಳ್ಳರನ್ನು ಹಿಡಿದ ಮನುಷ್ಯ ಕೊನೆಗೊಮ್ಮೆ ತಾನೇ ಸುಳ್ಳು ಹೇಳಿದರೆ ಅದು ಎಷ್ಟು ಅಚ್ಚುಕಟ್ಟಾಗಿರುತ್ತದೆ ಎಂದು ನಾನು ಅವತ್ತು ಕಂಡೆ. ಹೋಟೆಲಿನ ಮೇಜೆಂದ ಮೇಲೆ ಕಾಲು ಅಲುಗದೆ ಇರುತ್ತದೆಯೇ, ಅಲುಗಿದ ಮೇಲೆ ಯಾರಾದರೂ ಕಾಗದ ಮಡಚಿ ಇಡದೆ ಇರುತ್ತಾರೆಯೇ? ಆದರೆ ಹೆಡ್ ವೇಟರಿಗೆ ಇದು ಹೊಳೆಯಲಿಲ್ಲ. ಅವನು ಬಗ್ಗಿ ನೋಡಿದ. ಮೇಜಿನ ಕಾಲಿನ ಕೆಳಗೆ ಮಡಚಿದ ಕಾಗದ ಇತ್ತು. ಎದ್ದು ನಿಂತಾಗ ಅವನ ಕಣ್ಣಲ್ಲಿ ನೀರಿತ್ತು. "ಈಗಲೂ ಇದೆ ಸಾರ್!" ಎಂದು ಫಲಕವನ್ನು ಎತ್ತಿ ಜೇಬಿಗೆ ಹಾಕಿಕೊಂಡ. ನಮಗೆ ಸೂಪಿನ ಜೊತೆ ಕೇಳದೆಯೇ ಕೇಕೂ ಬಂತು.

ಹೊರಗೆ ಬಂದಮೇಲೆ ನಾನು, "ಏನ್ ಭಾವ ಇದು?" ಎಂದೆ.

"ಸುಮ್ನಿರೋ. ಕಿಟಕಿ ಪಕ್ಕ ಕೂರೋಕೆ ಒಂದು ಮಾತು. ಯಾರಿಗೆ ನಷ್ಟ?"

ವಿಷಯ ಅಲ್ಲಿಗೇ ನಿಲ್ಲುತ್ತಿತ್ತೇನೋ. ಆದರೆ ಆ ಹೋಟೆಲಿನ ಮಾಲೀಕ ವ್ಯಾಪಾರವಿಲ್ಲದೆ ನೊಣ ಹೊಡೆಯುತ್ತಿದ್ದ ಮನುಷ್ಯ. ಹೆಡ್ ವೇಟರ್ ಹೇಳಿದ್ದನ್ನು ಕೇಳಿ ಅವನಿಗೆ ಆ ರಾತ್ರಿ ನಿದ್ದೆ ಬರಲಿಲ್ಲವಂತೆ. ಮುಂದಿನ ವಾರ ನಾವು ಹೋಗುವ ಹೊತ್ತಿಗೆ ಮೇಜಿನ ಸುತ್ತ ಕೆಂಪು ಹಗ್ಗ ಕಟ್ಟಿದ್ದರು, ನಡುವೆ ಹೂದಾನಿ ಇಟ್ಟಿದ್ದರು. ಕಾಲು ರಿಪೇರಿಗೆ ಬಂದಿದ್ದ ಬಡಗಿಯನ್ನು ಮಾಲೀಕ ಬಾಗಿಲಲ್ಲೇ ತಡೆದು, "ಆ ಕಾಲಿಗೆ ಕೈ ಹಚ್ಚಿದ್ರೆ ನೋಡು! ಅದು ನಮ್ಮ ಆಸ್ತಿ" ಎಂದು ಅಟ್ಟುತ್ತಿದ್ದ. ನವದಂಪತಿಗಳು ಬಂದು ಮೇಜನ್ನು ಅಲುಗಿಸಿ ನೋಡುತ್ತಿದ್ದರು. ಚೆನ್ನಾಗಿ ಅಲುಗಿದರೆ ಸಂಸಾರ ಗಟ್ಟಿ ಎಂದು ಯಾರೋ ಹಬ್ಬಿಸಿದ್ದರು. ಕಾಲು ಮೊದಲಿಗಿಂತ ಹೆಚ್ಚು ಸಡಿಲವಾಗಿ, ಸೂಪು ಬಟ್ಟಲಿನಲ್ಲಿ ನಿಲ್ಲದಂತಾಯಿತು. ಅದನ್ನೂ ಗಿರಾಕಿಗಳು ಶುಭಸೂಚನೆ ಎಂದುಕೊಂಡರು.

ಭಾವ ಅವತ್ತು ಮೆನು ಓದದೆಯೇ ಸೂಪು ತರಿಸಿದರು. ಮಾಲೀಕ ಅವರ ಎರಡೂ ಕೈ ಹಿಡಿದುಕೊಂಡು, ಮೇಜಿಗೆ ಹಿತ್ತಾಳೆಯ ಫಲಕ ಹಾಕಿಸುತ್ತೇನೆ, ಪುರಸಭೆಯ ಅಧ್ಯಕ್ಷರೇ ಬಂದು ಅನಾವರಣ ಮಾಡುತ್ತಾರೆ ಎಂದಾಗ ಭಾವ ಕೈ ಬಿಡಿಸಿಕೊಳ್ಳಲು ನೋಡಿದರು. "ಬೇಡಪ್ಪಾ, ನಮ್ಮ ಖಾಸಗಿ ವಿಷಯ" ಎಂದರು. "ಎಂಥ ಸರಳತೆ!" ಎಂದು ಮಾಲೀಕ ಹೆಡ್ ವೇಟರಿನ ಕಡೆ ತಿರುಗಿ ತಲೆದೂಗಿದ. ಹೆಡ್ ವೇಟರ್ ಮತ್ತೊಮ್ಮೆ ಕಣ್ಣೊರೆಸಿಕೊಂಡ.

ಅಕ್ಕನ ಕಿವಿಗೆ ಈ ಸುದ್ದಿ ಮುಟ್ಟಿಸಿದವರು ಪಕ್ಕದ ಮನೆಯ ಹಲ್ಲಿನ ಡಾಕ್ಟರ ಹೆಂಡತಿ. ಆಕೆಗೆ ತಿಳಿದ ವಿಷಯ ಬೀದಿಗೆ ತಿಳಿಯಲು ಪತ್ರಿಕೆ ಬೇಕಾಗಿಲ್ಲ. ನಾನು ಆಗ ಅಕ್ಕನ ಅಡುಗೆಮನೆಯಲ್ಲಿ ಕೂತು ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಳ್ಳುತ್ತಿದ್ದೆ.

"ನಿಮ್ಮ ಗುಟ್ಟು ರಟ್ಟಾಯ್ತು ಕಣ್ರೀ!" ಎನ್ನುತ್ತಲೇ ಆಕೆ ಒಳಗೆ ಬಂದರು. "ಕೊಡೆ ಕಥೆ ಹೇಳಿ ನಮ್ಮನ್ನೆಲ್ಲ ಮಂಗ ಮಾಡಿದ್ರಲ್ಲ? ನಿಮ್ಮ ಯಜಮಾನ್ರು ನಿಮ್ಮನ್ನ ಮೊದಲು ನೋಡಿದ್ದು ನಿಲ್ದಾಣದ ರಸ್ತೆ ಹೋಟೆಲಲ್ಲಂತೆ, ಕಿಟಕಿ ಪಕ್ಕದ ಮೇಜಲ್ಲಂತೆ!"

ಅಕ್ಕ ನಕ್ಕಳು. "ನಾನೆಲ್ಲಿ, ಆ ಹೋಟೆಲೆಲ್ಲಿ?" ಎಂದಳು. ಆದರೆ ನಗು ಅರ್ಧಕ್ಕೇ ನಿಂತಿತು.

"ಮೇಜಿನ ಕಾಲು ಅಲುಗ್ತಿತ್ತಂತೆ. ಯಾರೋ ಕಾಗದ ಮಡಚಿ ಇಟ್ಟಿದ್ರಂತೆ. ಅದನ್ನೂ ನೆನಪಿಟ್ಟಿದ್ದಾರೆ ನೋಡಿ! ಮೇಜಿಗೆ ಹಿತ್ತಾಳೆ ಫಲಕ ಬೇರೆ ಹಾಕಿಸ್ತಾರಂತೆ. ನಮ್ಮನೆಯವರಿಗೆ ನನ್ನ ಹುಟ್ಟಿದ ದಿನಾನೇ ನೆನಪಿರೋದಿಲ್ಲ."

ಅಕ್ಕನ ಕೈಯಲ್ಲಿದ್ದ ಚಮಚ ನೆಲಕ್ಕೆ ಬಿತ್ತು. ಆಕೆ ಹೋದ ಮೇಲೂ ಅಕ್ಕ ಅದನ್ನು ಎತ್ತಿಕೊಳ್ಳಲಿಲ್ಲ.

ಸ್ವಲ್ಪ ಹೊತ್ತಿಗೆ ಭಾವ ಬಂದು ಇನ್ನೂ ಟೋಪಿ ತೆಗೆದಿರಲಿಲ್ಲ. ಅಕ್ಕ ಎದುರಿಗೆ ನಿಂತು, "ಯಾವಾಗಿಂದ ಗೊತ್ತು ನಿಮಗೆ?" ಎಂದಳು.

"ಏನು?"

"ಆ ಹೋಟೆಲು. ಆ ಮೇಜು. ಇಷ್ಟು ವರ್ಷ ಮನಸ್ಸಲ್ಲಿ ಮುಚ್ಚಿಟ್ಕೊಂಡು ನನ್ನ ಜೊತೆ ಸಂಸಾರ ಮಾಡಿದ್ರಲ್ಲ!"

ಭಾವ ನನ್ನ ಮುಖ ನೋಡಿದರು, ನಾನು ಭಾವನ ಮುಖ ನೋಡಿದೆ. ಇಬ್ಬರಿಗೂ ಒಂದೇ ಅರ್ಥ ಹೊಳೆಯಿತು. ಅಕ್ಕ ಆ ಹೋಟೆಲಿನಲ್ಲಿ ಇರಲಿಲ್ಲ ಎಂದರೆ ಆ ಮೇಜಿನಲ್ಲಿ ಕೂತಿದ್ದವಳು ಬೇರೆ ಯಾರೋ ಆಗಿರಬೇಕಲ್ಲ! ಅಕ್ಕನಿಗೆ ಬಂದಿರುವುದು ಆ ಅನುಮಾನ. ಈಗ 'ನಾನು ಸುಳ್ಳು ಹೇಳಿದೆ' ಎಂಬ ಮೂರು ಶಬ್ದಗಳು ಸಾಕಾಗಿದ್ದವು. ಭಾವ ಬಾಯಿ ತೆರೆದರು. ಆದರೆ ಆ ಶಬ್ದಗಳನ್ನು ಅವರು ಬೇರೆಯವರ ಬಾಯಿಂದ ಹೊರಡಿಸಿ ಅಭ್ಯಾಸವೇ ವಿನಾ ತಮ್ಮ ಬಾಯಿಂದ ಹೊರಡಿಸಿ ಅಭ್ಯಾಸವಿರಲಿಲ್ಲ.

"ಹಳೇದನ್ನೆಲ್ಲ ಈಗ್ಯಾಕೆ ಕೆದಕ್ತೀಯ?" ಎಂದರು ಮೆಲ್ಲಗೆ. "ಆ ವಯಸ್ಸಲ್ಲಿ ಯಾರಿಗಾದ್ರೂ ಆಗೋದೇ. ನಾನಂತೂ ಮನಸ್ಸಿಗೆ ಹಚ್ಕೊಂಡಿಲ್ಲ."

"ಮನಸ್ಸಿಗೆ ಹಚ್ಕೊಂಡಿಲ್ಲ!" ಅಕ್ಕನ ದನಿ ಏರಿತು. "ಊರಿಗೆಲ್ಲ ಡಂಗುರ ಹೊಡೆದು, ಹಿತ್ತಾಳೆ ಫಲಕ ಹಾಕಿಸಿ, ಮನಸ್ಸಿಗೆ ಹಚ್ಕೊಂಡಿಲ್ವಂತೆ! ಅವತ್ತು ನೀವು ಎಲ್ಲಿ ಕೂತಿದ್ರಿ, ಹೇಳಿ."

"ನೆನಪಿಲ್ಲ ಕಣೇ."

"ಕಾಗದ ಮಡಚಿ ಇಟ್ಟಿದ್ದು ನೆನಪಿದೆ, ಕೂತ ಜಾಗ ನೆನಪಿಲ್ಲ!"

ಸೂತ್ರದ ಪ್ರಕಾರ ಇದು ನಿಜವಾದ ವಾರಸುದಾರನ ಲಕ್ಷಣ. ಇಷ್ಟು ವರ್ಷ ಆ ಸೂತ್ರ ಕೇಳಿ ಕೇಳಿ ಅಕ್ಕನಿಗೂ ಅದರಲ್ಲಿ ನಂಬಿಕೆ ಕೂತಿತ್ತು. ಒಳಗೆ ಹೋದಳು, ಬಟ್ಟೆಯ ಚೀಲ ಹಿಡಿದು ಹೊರಗೆ ಬಂದಳು. ನನ್ನ ಕಡೆ ತಿರುಗಿ, "ನಡಿಯೋ, ನಿನ್ನ ಮನೆಗೆ ಹೋಗೋಣ" ಎಂದಳು. ನನ್ನ ಕೈಯಲ್ಲಿ ಬ್ರೆಡ್ಡು ಹಾಗೇ ಇತ್ತು.

ನನ್ನ ಮನೆಯೆಂದರೆ ಅಂಗಡಿಯ ಹಿಂದಿನ ಒಂದು ಕೋಣೆ, ಅದರಲ್ಲಿ ಒಂದು ಮಂಚ. ಮಂಚ ಅಕ್ಕನಿಗೆ ಹೋಯಿತು. ನನಗೆ ಕಣ್ಣು ಪರೀಕ್ಷೆಯ ಅಕ್ಷರದ ಹಲಗೆಯ ಕೆಳಗಿನ ಮರದ ಬೆಂಚು ಬಂತು. ಅಕ್ಕ ಮೊದಲ ದಿನ ನನ್ನ ಪಾತ್ರೆಗಳನ್ನು ಜೋಡಿಸಿದಳು, ಎರಡನೆಯ ದಿನ ನನ್ನ ಕನ್ನಡಕದ ಚೌಕಟ್ಟುಗಳನ್ನು ಜೋಡಿಸಿದಳು. ಮೂರನೆಯ ದಿನ ಗಿರಾಕಿಯೊಬ್ಬರಿಗೆ, "ಈ ಮುಖಕ್ಕೆ ಯಾವ ಚೌಕಟ್ಟು ಹಾಕಿದ್ರೂ ಅಷ್ಟೆ" ಎಂದುಬಿಟ್ಟಳು. ನನ್ನ ಬೆನ್ನು ಹೋಗಿತ್ತು, ಈಗ ವ್ಯಾಪಾರವೂ ಹೊರಟಿತು.

ಅತ್ತ ಬೀದಿಯವರು ಆ ಇಲ್ಲದ ಹೆಂಗಸನ್ನು ಹುಟ್ಟಿಸಿ ಬೆಳೆಸುತ್ತಿದ್ದರು. ಹಲ್ಲಿನ ಡಾಕ್ಟರ ಹೆಂಡತಿ ಆಕೆಗೆ ನೀಳವಾದ ಕತ್ತು ಕೊಟ್ಟರು. ಎದುರುಮನೆಯವರು ಶ್ರೀಮಂತ ತಂದೆಯನ್ನು ಕೊಟ್ಟರು. ಯಾರೋ ಕ್ಷಯರೋಗ ಕೊಟ್ಟು ಸಾಯಿಸಿದರು, ಮತ್ತೆ ಯಾರಿಗೋ ಅದು ಒಪ್ಪಿಗೆಯಾಗದೆ ಹಡಗು ಹತ್ತಿಸಿ ದೂರದೇಶಕ್ಕೆ ಕಳಿಸಿದರು. ಮಗಳು ಫೋನ್ ಮಾಡಿ, ಸಿಟ್ಟಿಗಿಂತ ಹೆಚ್ಚು ಕುತೂಹಲದಿಂದ, "ಅಪ್ಪಾ, ಯಾರಪ್ಪಾ ಅವಳು?" ಎಂದಳು. "ಆ ವಿಷಯ ಬೇಡಮ್ಮ" ಎಂದು ಭಾವ ಗಂಭೀರವಾಗಿ ಫೋನ್ ಇಟ್ಟರು. ನಿಜ ಹೇಳಬೇಕೆಂದರೆ ಎರಡು ದಿನ ಅವರಿಗೆ ಇದೆಲ್ಲ ಹಿತವಾಗಿಯೇ ಇತ್ತು. ಅದುವರೆಗೆ ಅವರಿಗೆ ಪಿಂಚಣಿ ಇತ್ತೇ ಹೊರತು ಗತಕಾಲ ಇರಲಿಲ್ಲ. ಟೋಪಿಯನ್ನು ಸ್ವಲ್ಪ ಓರೆಯಾಗಿ ಇಟ್ಟುಕೊಂಡು ನಡೆಯತೊಡಗಿದರು.

ಆಮೇಲೆ ಮನೆ ಖಾಲಿ ಹೊಡೆಯತೊಡಗಿತು. ಉಪ್ಪಿನ ಡಬ್ಬಿ ಇಟ್ಟಲ್ಲೇ ಇರುತ್ತಿತ್ತು, ವಿಚಾರಿಸಲು ಯಾರೂ ಇರಲಿಲ್ಲ. ನಾಲ್ಕನೆಯ ದಿನ ಭಾವ ಅಕ್ಕನ ಕಣ್ಣು ತಪ್ಪಿಸಿ ಅಂಗಡಿಗೆ ಬಂದು ನನ್ನ ಬೆಂಚಿನ ತುದಿಯಲ್ಲಿ ಕೂತರು. ಗಡ್ಡ ಬೆಳೆದಿತ್ತು, ಅಂಗಿಗೆ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದರು.

"ಸೂಪು ಕುಡಿದ್ರೂ ರುಚಿ ಇಲ್ಲ ಕಣೋ" ಎಂದರು. "ಅವಳು ಬರದೇ ಹೋದ್ರೆ?"

"ಒಳಗೇ ಇದ್ದಾಳೆ. ಹೋಗಿ, ಸುಳ್ಳು ಹೇಳ್ದೆ ಅಂತ ಒಂದು ಮಾತು ಹೇಳಿ, ಭಾವ."

"ಇನ್ನೊಬ್ಬ ಹೆಂಗಸು ಇದ್ಲು ಅಂದ್ರೆ ಇವತ್ತಲ್ಲ ನಾಳೆ ಕ್ಷಮಿಸ್ತಾಳೆ. ಸುಳ್ಳ ಅಂದ್ರೆ? ಜೀವನವೆಲ್ಲ ನಾನು ಅವಳ ಕಣ್ಣಲ್ಲಿ ಇದ್ದಿದ್ದು ಅದೊಂದೇ ಮಾತಿನ ಮೇಲೆ. ನೋಡೋಕೆ ಚೆನ್ನಾಗಿದ್ದೀನಾ? ಹಾಡ್ತೀನಾ? ಇವರ ಹತ್ರ ಸುಳ್ಳು ನಡೆಯಲ್ಲ, ಇವರೂ ಸುಳ್ಳು ಹೇಳಲ್ಲ, ಇಷ್ಟೇ ಅವಳು ನನ್ನಲ್ಲಿ ಕಂಡಿದ್ದು."

ಭಾವನ ಕಣ್ಣು ತುಂಬಿತ್ತು. ನನಗೂ ಪಾಪ ಅನ್ನಿಸಿತು. ಕೊನೆಗೆ ಅವರು, ಫಲಕದ ಸಮಾರಂಭ ಒಂದು ಮುಗಿಯಲಿ, ಅದೇ ಸಂಜೆ ಎಲ್ಲ ಹೇಳಿಬಿಡುತ್ತೇನೆ ಎಂದು ನನ್ನ ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟರು.

ಸಮಾರಂಭಕ್ಕೆ ಹೋಟೆಲು ತುಂಬಿ ತುಳುಕುತ್ತಿತ್ತು. ಬ್ಯಾಂಕ್ ಮ್ಯಾನೇಜರು ಕೂಡ ಬಂದಿದ್ದರು. ಅವರಿಗೆ ಶೌಚಾಲಯದ ಪಕ್ಕದ ಮೇಜು ಸಿಕ್ಕಿತ್ತು. ಫಲಕದ ಮೇಲೆ ಬಿಳಿ ಬಟ್ಟೆ ಮುಚ್ಚಿದ್ದರು. ಭಾವನನ್ನು ಅದರ ಪಕ್ಕದಲ್ಲಿ, ತಪ್ಪಿತಸ್ಥನನ್ನು ಕೂರಿಸುವ ಹಾಗೆ, ಒಂದೇ ಕುರ್ಚಿ ಹಾಕಿ ಕೂರಿಸಿದ್ದರು. ಪುರಸಭೆಯ ಅಧ್ಯಕ್ಷರು ಪ್ರೀತಿಯ ಬಗ್ಗೆ ಎರಡು ಮಾತಾಡಿ, ಅಲ್ಲಿಂದ ಹೊಸ ಚರಂಡಿಗಳಿಗೆ ಹೊರಳಿ, ಚರಂಡಿಗಳಲ್ಲೇ ಉಳಿದುಬಿಟ್ಟರು. ಮಾಲೀಕ ಎರಡು ಸಲ ಚಪ್ಪಾಳೆ ತಟ್ಟಿಸಿದರೂ ಮೇಲೆ ಬರಲಿಲ್ಲ. ಅಷ್ಟರಲ್ಲಿ ಬಾಗಿಲು ತೆರೆಯಿತು. ಅಕ್ಕ ಬಂದಳು.

ಎಲ್ಲರ ಕತ್ತು ಬಾಗಿಲ ಕಡೆ ತಿರುಗಿತು. ಹಲ್ಲಿನ ಡಾಕ್ಟರ ಹೆಂಡತಿ ತಮಗೆ ಎಲ್ಲ ಚೆನ್ನಾಗಿ ಕಾಣಲೆಂದು ಕುರ್ಚಿಯಿಂದ ಎದ್ದೇ ನಿಂತರು. ಅಕ್ಕ ನೇರವಾಗಿ ಕಿಟಕಿ ಪಕ್ಕದ ಮೇಜಿಗೆ ಹೋದಳು, ಅದನ್ನು ಮುಟ್ಟಿದಳು. ಅದು ಕಟಕ್ ಎಂದಿತು. ಅಕ್ಕ ತುಸು ನಕ್ಕಳು.

"ನನಗೆ ಭಾಷಣ ಬರೋದಿಲ್ಲ" ಎಂದಳು. "ಇವರು ಹೇಳಿದ್ದು ನಿಜ. ನಾನು ಈ ಮೇಜಲ್ಲಿ ಕೂತಿದ್ದೆ. ಒಬ್ಬಳೇ ಅಲ್ಲ."

ನನಗೆ ಕೇಳಿದ್ದು ಸರಿಯೋ ತಪ್ಪೋ ತಿಳಿಯಲಿಲ್ಲ. ಭಾವನ ಟೋಪಿ ಕೈಯಿಂದ ಜಾರಿತು.

"ಬಣ್ಣದ ಕಂಪನಿಯ ಏಜೆಂಟ್ ಒಬ್ಬರಿದ್ರು. ನನ್ನ ಮದುವೆ ಆಗ್ತೀನಿ ಅಂತಿದ್ರು. ಮುಖ ಈಗ... ಸರಿಯಾಗಿ ನೆನಪಿಲ್ಲ. ನನ್ನ ಪಾಲಿನ ಬ್ರೆಡ್ಡೂ ಅವರೇ ತಿಂದ್ರು, ಅದು ನೆನಪಿದೆ. ಮೇಜು ಅಲುಗ್ತಿತ್ತು ಅಂತ ಒಂದು ಕಾಗದ ಮಡಚಿ ಕಾಲಿನ ಕೆಳಗೆ ಇಟ್ರು. ಆಚೆ ಬಂದಾಗ ಮಳೆ. ಅವರ ಕೊಡೆ ನನ್ನ ಕೈಗೆ ಕೊಟ್ಟು, ಮುಂದಿನ ವಾರ ಬಂದು ನಿಮ್ಮಪ್ಪನ ಹತ್ರ ಮಾತಾಡ್ತೀನಿ ಅಂತ ಅವರ ರೈಲು ಹತ್ತಿದ್ರು. ನಾನು ನನ್ನ ರೈಲು ಹತ್ತಿದೆ, ಆ ಕೊಡೆನ ಅಲ್ಲೇ ಮರೆತೆ. ಅದನ್ನ ಕೇಳೋಕೆ ಇವರ ಕೌಂಟರಿಗೆ ಹೋದೆ. ಹಿಡಿ ಹೇಗಿತ್ತು ಅಂತ ನನಗೇನು ಗೊತ್ತು? ಕೊಡೆ ನನ್ನದಾಗಿದ್ರೆ ತಾನೇ!"

ಭಾವನ ಮುಖ ಮೇಜಿನ ಕಲ್ಲಿನ ಬಣ್ಣಕ್ಕೆ ತಿರುಗಿತು. ಅವರ ಕಣ್ಣೆದುರು ಏನು ಹಾದುಹೋಗುತ್ತಿದೆಯೆಂದು ನನಗೆ ಸ್ಪಷ್ಟವಾಗಿ ಕಂಡಿತು. ಹಿಡಿ ಗೊತ್ತಿಲ್ಲದವರೇ ವಾರಸುದಾರರು ಎಂಬ ಸೂತ್ರ ಹುಟ್ಟಿದ್ದೇ ವಾರಸುದಾರಳಲ್ಲದ ಒಬ್ಬಳಿಂದ. ಅದನ್ನು ನಂಬಿ ಇಡೀ ನೌಕರಿಯುದ್ದಕ್ಕೂ ಹಂಚಿದ ಕೊಡೆಗಳು, ಟೋಪಿಗಳು, ಹಲ್ಲಿನ ಸೆಟ್ಟುಗಳು! ಬೆಳ್ಳಿ ಹಿಡಿಯ ಊರುಗೋಲನ್ನು ಇಂಚು ಇಂಚಾಗಿ ವರ್ಣಿಸಿದ ಎಷ್ಟು ಪ್ರಾಮಾಣಿಕರನ್ನು ಕತ್ತು ಹಿಡಿದು ದಬ್ಬಿದ್ದರೋ, 'ಏನೋ ಉದ್ದಕ್ಕಿತ್ತು' ಎಂದ ಎಷ್ಟು ಕಳ್ಳರಿಗೆ ಅದನ್ನು ಒರೆಸಿ ಕೊಟ್ಟಿದ್ದರೋ.

ಅಕ್ಕ ಭಾವನ ಕಡೆ ತಿರುಗಿದಳು. "ಇವರಿಗೆ ಎಲ್ಲ ಗೊತ್ತಿತ್ತು. ಅವತ್ತು ಇಲ್ಲೇ ಎಲ್ಲೋ ಕೂತು ನನ್ನನ್ನ ನೋಡಿದ್ರು. ಕೊಡೆ ನನ್ನದಲ್ಲ ಅಂತ ಗೊತ್ತಿದ್ದೇ ದಿನಾ ತಿರುಗಿಸಿ ಕಳಿಸಿದ್ರು. ಕೊನೆಗೆ, ಗೊತ್ತಿದ್ದೂ ಕೊಟ್ರು. ಆ ಏಜೆಂಟ್ ಬರಲೇ ಇಲ್ಲ. ಇವರು ಮದುವೆ ಆಗ್ತೀಯಾ ಅಂದ್ರು. ಇಷ್ಟು ವರ್ಷದಲ್ಲಿ, ಜಗಳದಲ್ಲೂ ಒಂದು ದಿನ ಆ ಮಾತು ಎತ್ತಲಿಲ್ಲ. ಮೊನ್ನೆ ಈ ಮೇಜಿನ ಸುದ್ದಿ ಕೇಳಿ, ಚುಚ್ಚೋಕೆ ಹೇಳಿದ್ದಾರೆ ಅಂತ ಮನೆ ಬಿಟ್ಟೆ. ಆಮೇಲೆ ಯೋಚನೆ ಮಾಡಿದೆ. ಚುಚ್ಚೋರಾಗಿದ್ರೆ ಇನ್ನೊಬ್ಬನ ಜೊತೆ ಕೂತಿದ್ದವಳನ್ನ 'ನನ್ನ ಹೆಂಡ್ತಿನ ಮೊದಲು ನೋಡಿದ್ದು ಇಲ್ಲಿ' ಅಂತ ಇಷ್ಟು ಜನರ ಮುಂದೆ ಹೆಮ್ಮೆಯಿಂದ ಹೇಳ್ತಾರಾ?"

ಹೆಡ್ ವೇಟರ್ ಗೊಳೋ ಎಂದು ಅತ್ತುಬಿಟ್ಟ. ಅಧ್ಯಕ್ಷರು ಚರಂಡಿಗಳನ್ನು ಮರೆತು, "ಇಂಥವರು ನಮ್ಮ ಊರಿನವರು ಎಂಬುದೇ ಭಾಗ್ಯ" ಎಂದು ಬಟ್ಟೆ ಎಳೆದರು. ಹಲ್ಲಿನ ಡಾಕ್ಟರ ಹೆಂಡತಿ ತಮ್ಮ ಗಂಡನ ಕಡೆ ನೋಡಿದ ನೋಟ ನೋಡಿದರೆ ಆ ಮನುಷ್ಯನಿಗೆ ಅವತ್ತು ರಾತ್ರಿ ಊಟವಿಲ್ಲ ಎಂದು ಯಾರಾದರೂ ಹೇಳಬಹುದಿತ್ತು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಭಾವ ಮಾತ್ರ ಕೂತೇ ಇದ್ದರು. ಜನ ಅದನ್ನು ವಿನಯ ಎಂದುಕೊಂಡರು.

ಜನ ಕರಗಿದ ಮೇಲೆ ಮಾಲೀಕ ನಮ್ಮ ಮೂವರನ್ನೂ ಅದೇ ಮೇಜಿನಲ್ಲಿ ಕೂರಿಸಿ ಸೂಪು ತರಿಸಿದ. ಅಕ್ಕ ಭಾವನ ಅಂಗಿಯ ಗುಂಡಿಗಳನ್ನು ಬಿಚ್ಚಿ ಸರಿಯಾಗಿ ಹಾಕಿದಳು. ಅವಳು ಭಾವನನ್ನು ಹಾಗೆ ನೋಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ, ಅವರ ಮದುವೆಯ ದಿನ ಕೂಡ. ಭಾವನಿಗೆ ಅದು ತಡೆಯಲಾಗಲಿಲ್ಲ.

"ನನಗೆ ಏನೂ ಗೊತ್ತಿರಲಿಲ್ಲ ಕಣೇ" ಎಂದರು.

"ಹೂಂ."

"ನಿಜವಾಗ್ಲೂ. ನಾನು ಸುಳ್ಳು ಹೇಳಿದ್ದು. ಈ ಹೋಟೆಲಿಗೆ ನಾನು ಮೊದಲು ಕಾಲಿಟ್ಟಿದ್ದೇ ಆ ಸೋಮವಾರ. ಹನ್ನೊಂದೂ ಕಾಲು ಗಂಟೆ. ಫಲಕ ಇಲ್ಲಿ, ಹೂದಾನಿ ಇದ್ಯಲ್ಲ, ಇದೇ ಜಾಗದಲ್ಲಿತ್ತು. ಹೆಡ್ ವೇಟರ್ ಎಡಗಡೆ ನಿಂತಿದ್ದ, ಹೆಗಲ ಮೇಲೆ ನೀಲಿ ಅಂಚಿನ ಟವೆಲ್ ಹಾಕಿದ್ದ. ನಾನು ಬಲಗೈ ಇಟ್ಟೆ, ಮೇಜು ಆ ಕಡೆಗೆ ವಾಲಿತು, ಆಗ ನನಗೆ ಹೊಳೀತು. ಮೊದಲು ಹೆಂಡ್ತಿ ಅಂದೆ, ಆಮೇಲೆ ಕಾಲು ಅಂದೆ, ಆಮೇಲೆ ಕಾಗದ..."

ಭಾವ ಒಂದೊಂದನ್ನೂ ಬಿಡದೆ, ಬೆವರು ಒರೆಸಿಕೊಳ್ಳುತ್ತಾ ಹೇಳುತ್ತಲೇ ಹೋದರು. ಅಕ್ಕ ಗಲ್ಲದ ಮೇಲೆ ಕೈಯಿಟ್ಟುಕೊಂಡು ಪೂರ್ತಿ ಕೇಳಿದಳು. ಕೇಳಿ ನಕ್ಕಳು.

"ಸಾಕು ಬಿಡಿ" ಎಂದಳು. "ಇಷ್ಟು ವಿವರವಾಗಿ ಹೇಳೋರು ಯಾರು ಅಂತ ನನಗೆ ಗೊತ್ತಿಲ್ವಾ? ನನಗೆ ನಾಚಿಕೆ ಆಗ್ಬಾರ್ದು ಅಂತ ಈಗ ಒಂದು ಕಥೆ ಕಟ್ತಿದ್ದೀರಿ. ಸುಳ್ಳು ಹೇಳೋಕೆ ಬರೋದಿಲ್ಲ ನಿಮಗೆ, ಯಾಕೆ ಕಷ್ಟಪಡ್ತೀರಿ?"

ಭಾವ ಮುಳುಗುವವರು ದಡದ ಕಡೆ ನೋಡುವಂತೆ ನನ್ನ ಕಡೆ ನೋಡಿದರು. ಇಡೀ ಪ್ರಪಂಚದಲ್ಲಿ ಅವರಿಗಿದ್ದ ಸಾಕ್ಷಿ ನಾನೊಬ್ಬ. "ನೀನಿದ್ದೆಯಲ್ಲೋ ಅವತ್ತು! ಹೇಳೋ ಇವಳಿಗೆ, ನಡೆದಿದ್ದು ನಡೆದ ಹಾಗೆ ಹೇಳು" ಎಂದರು.

ಅಕ್ಕನೂ ನನ್ನ ಕಡೆ ತಿರುಗಿದಳು. ಅವಳ ಬಟ್ಟೆಯ ಚೀಲ ಇನ್ನೂ ನನ್ನ ಮಂಚದ ಮೇಲಿತ್ತು. ನನ್ನ ಬೆನ್ನು ಬೆಂಚಿನ ಒಂದೊಂದು ಹಲಗೆಯನ್ನೂ ಲೆಕ್ಕ ಹಿಡಿದು ನೋಯುತ್ತಿತ್ತು. ನಾನು ಸ್ವಲ್ಪ ತಡವರಿಸಿದೆ, ತಲೆ ಕೆರೆದುಕೊಂಡೆ.

"ನನಗೇನೂ ಸರಿಯಾಗಿ ನೆನಪಿಲ್ಲಕ್ಕ" ಎಂದೆ. "ಸೂಪಿಗೆ ಉಪ್ಪು ಕಡಿಮೆ ಇತ್ತು."

ಅಕ್ಕ ತಲೆಯಾಡಿಸಿ, ಭಾವನ ಬಟ್ಟಲಿಗೆ ಉಪ್ಪು ಉದುರಿಸಿ, "ಬೇಗ ಕುಡೀರಿ, ಮನೆಗೆ ಹೋಗೋಣ" ಎಂದಳು.